ಹಳೆಯ ಮೈಗೆ ಹೊಸ ಕೀಲು

ಮನೆಯ ಹಿರಿಯರ ಮಂಡಿ ಸವೆದುಹೋಗಿದೆ, ಬದಲಾಯಿಸುವುದೇ ಲೇಸು ಎಂದು ವೈದ್ಯರು ತಿಳಿಸಿದೊಡನೆ ಮನೆಮಂದಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಕೀಲು ಯಾವ ದೇಶದ್ದು, ಎಷ್ಟು ವರ್ಷ ಬಾಳಿಕೆ ಬರುತ್ತದೆ, ಖರ್ಚು ಎಷ್ಟು. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಆ ಕೀಲನ್ನು ಹೊತ್ತು ನಡೆಯಬೇಕಾದ ಮೈ ಯಾವ ಸ್ಥಿತಿಯಲ್ಲಿದೆ ಎಂದು ಕೇಳುವವರು ವಿರಳ. ಈ ಹೊತ್ತು ಆ ನಾಲ್ಕನೆಯ ಪ್ರಶ್ನೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕೃತಕ ಕೀಲಿನ ಚರಿತ್ರೆ ಸ್ವಾರಸ್ಯವಾದದ್ದು. 1890ರ ಸುಮಾರಿನಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲೆಸ್ ಗ್ಲುಕ್ ಎಂಬ ಶಸ್ತ್ರವೈದ್ಯರು ಆನೆಯ ದಂತದ ಕೀಲುಗಳನ್ನು ಜೋಡಿಸಿ ನೋಡಿದರು. ಕ್ಷಯ ಹಿಡಿದ ಎಲುಬುಗಳ ನಡುವೆ ಅವು ನಿಲ್ಲಲಿಲ್ಲ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿಯವರು ಸೊಂಟದ ಕೀಲಿಗೆ ಬಳಸಿದ ಟೆಫ್ಲಾನ್ ಕೆಲವೇ ವರ್ಷಗಳಲ್ಲಿ ಸವೆಯಿತು. 1962ರಲ್ಲಿ ಅವರು ಗಟ್ಟಿ ಬಗೆಯ ಪಾಲಿಥೀನನ್ನು ಹಿಡಿದ ಮೇಲೆಯೇ ಈ ವಿದ್ಯೆ ನೆಲೆಯೂರಿತು. ಇಂದು ಹಾಕುವ ಮಂಡಿಗಳಲ್ಲಿ ಬಹುಪಾಲು 20 ವರ್ಷ ಮೀರಿ ಬಾಳುತ್ತವೆ. ಎಂದಮೇಲೆ 78 ವರ್ಷದ ತಾಯಿಗೆ ಕೀಲು ಸಾಲದೆ ಹೋದೀತೆಂಬ ಭಯ ಅಷ್ಟಾಗಿ ಬೇಕಿಲ್ಲ. ಸಾಲದೆ ಹೋಗುವುದು ಆ ಕೀಲನ್ನು ಆಡಿಸುವ ತೊಡೆಯ ಸ್ನಾಯು, ಗಾಯವನ್ನು ಮಾಯಿಸುವ ರಕ್ತ, ಪೆಟ್ಟು ತಿಂದು ಮತ್ತೆ ಏಳುವ ಕಸುವು.

ಈ ಕಸುವು ಕುಂದಿದ ಸ್ಥಿತಿಯನ್ನು ನಿತ್ರಾಣವೆಂದು ಕರೆಯೋಣ. ಅದು ವಯಸ್ಸಿನ ಇನ್ನೊಂದು ಹೆಸರಲ್ಲ. ಎಂಬತ್ತೈದರಲ್ಲಿ ಗಟ್ಟಿಯಾಗಿರುವವರೂ ಅರುವತ್ತೈದರಲ್ಲಿ ಸೋತವರೂ ನಮ್ಮ ಸುತ್ತಲೇ ಇದ್ದಾರೆ. ಅಮೆರಿಕದ ಲಿಂಡಾ ಫ್ರೀಡ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು 2001ರಲ್ಲಿ ಇದಕ್ಕೆ ಐದು ಕುರುಹುಗಳನ್ನು ಹೇಳಿದರು: ಪಥ್ಯವಿಲ್ಲದೆಯೂ ತೂಕ ಇಳಿಯುವುದು, ಸದಾ ಆಯಾಸ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ತಗ್ಗುವುದು. ಇವುಗಳಲ್ಲಿ ಮೂರು ಕಂಡರೆ ಆ ವ್ಯಕ್ತಿ ನಿತ್ರಾಣರು. ಮಂಡಿನೋವಿನವರ ನಡಿಗೆ ಹೇಗೂ ನಿಧಾನವೇ ಆದ್ದರಿಂದ ಈ ಲೆಕ್ಕವನ್ನು ವಿವೇಚನೆಯಿಂದ ಹಿಡಿಯಬೇಕು. ನಾನು ಮೊದಲು ನೋಡುವುದು ಇನ್ನೂ ಸರಳವಾದ ಸಂಗತಿಯನ್ನು: ಕುರ್ಚಿಯಿಂದ ಕೈ ಊರದೆ ಏಳಬಲ್ಲರೇ?

ಏಳಲಾರದವರನ್ನು ನಾವು ಏನು ಮಾಡುತ್ತೇವೆ? ಮಲಗಿಸುತ್ತೇವೆ. ‘ಪಾಪ, ನೋವು, ಆಪರೇಷನ್ ಆಗುವ ತನಕ ಆಯಾಸ ಬೇಡ’ ಎನ್ನುತ್ತೇವೆ. ಇದು ಪ್ರೀತಿಯ ಮಾತೇ ಹೊರತು ಹಿತದ ಮಾತಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಾದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿದಾಗ ಅವರ ಕಾಲುಗಳ ಮಾಂಸಭಾಗ ಹೆಚ್ಚುಕಡಮೆ ಒಂದು ಕಿಲೋದಷ್ಟು ಕರಗಿತ್ತು. ರೋಗವಿಲ್ಲದವರಿಗೇ ಹೀಗಾದರೆ ತಿಂಗಳುಗಟ್ಟಲೆ ಮಂಚ ಹಿಡಿದವರ ತೊಡೆಯಲ್ಲಿ ಏನು ಉಳಿದೀತು! ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನವೇ ಎದ್ದು ನಿಲ್ಲಿರಿ ಎನ್ನುವುದು ಈಗಿನ ಪದ್ಧತಿ. ನಿಲ್ಲುವುದು ಯಾವುದರ ಬಲದಿಂದ?

ತುಮಕೂರಿನ ಕಡೆಯ ಹಿರಿಯ ತಾಯಿಯೊಬ್ಬರನ್ನು ಮಕ್ಕಳು ನನ್ನಲ್ಲಿಗೆ ಕರೆತಂದಾಗ ಅವರ ಸ್ಥಿತಿ ಇದೇ. ಊಟ, ಸ್ನಾನ ಎಲ್ಲವೂ ಮಂಚದ ಬಳಿಗೇ ಬರುತ್ತಿತ್ತು. ರಾತ್ರಿಗೆ ಗಂಜಿ, ಹಗಲಿಗೆ ತಿಳಿಸಾರು. ರಕ್ತದ ಹಿಮೊಗ್ಲೋಬಿನ್ ಒಂಬತ್ತರ ಆಸುಪಾಸು. ಎಂಟು ವಾರ ತಡೆಯಿರಿ ಎಂದೆ. ‘ನೋವಿನಲ್ಲಿರುವವರನ್ನು ಇನ್ನೂ ನಡೆಸಿ ಅಂತೀರಲ್ಲ ಡಾಕ್ಟರೇ’ ಎಂದು ಹಿರಿಯ ಮಗ ಬೇಸರಗೊಂಡರು. ತಾಯಿ ಮಾತ್ರ, ‘ಏನು ಮಾಡಬೇಕು ಹೇಳಿಪ್ಪಾ’ ಎಂದು ಕೇಳಿದರು. ಕುರ್ಚಿಯ ಮೇಲೆ ಜಮಖಾನವನ್ನು ಮಡಿಸಿ ಹಾಕಿ ಎತ್ತರ ಮಾಡಿಕೊಂಡು, ಮೂರು ಹೊತ್ತು ಐದೈದು ಸಲ ಎದ್ದು ಕೂರಬೇಕು. ಕುರ್ಚಿಯ ಬೆನ್ನು ಗೋಡೆಗೆ ತಾಗಿರಬೇಕು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಮಲಗಿದಾಗ ಮಂಡಿಯ ಕೆಳಗೆ ಟವೆಲ್ಲಿನ ಸುರುಳಿಯಿಟ್ಟು ಒತ್ತಿ, ಐದು ಎಣಿಸಿ ಬಿಡಬೇಕು. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ಹಲವರು ಅದನ್ನು ನೋವಿನ ಕಡೆಗೇ ಹಿಡಿಯುತ್ತಾರೆ. ಎರಡು ವಾರಕ್ಕೊಮ್ಮೆ ಜಮಖಾನದ ಒಂದು ಮಡಿಕೆಯನ್ನು ಬಿಚ್ಚುತ್ತ ಬಂದೆವು. ಆರನೆಯ ವಾರದಲ್ಲಿ ಬರಿಯ ಕುರ್ಚಿಯಿಂದ ಕೈ ಊರದೆ ಎದ್ದರು. ಅಷ್ಟರಲ್ಲಿ ರಕ್ತಹೀನತೆಯ ಕಾರಣವನ್ನು ಹುಡುಕಿ ಕಬ್ಬಿಣದ ಔಷಧವನ್ನೂ ಕೊಟ್ಟಿದ್ದಾಗಿತ್ತು.

ಆಹಾರದ ಮಾತನ್ನು ತುಸು ವಿಸ್ತರಿಸಬೇಕು. ಹಿರಿಯರಿಗೆ ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕೆಂಬುದು ತಜ್ಞರ ಮತ. 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಉಂಟು, ನಿಜ. ಆದರೆ ನಮ್ಮ ತಿಳಿಸಾರಿಗೆ ಇಳಿಯುವುದು ಬೇಳೆಯ ಕಟ್ಟು, ಬೇಳೆಯಲ್ಲ! ಗಟ್ಟಿ ಹುಳಿ, ಮೊಳಕೆಕಾಳು, ಹುರಿಗಡಲೆಯ ಪುಡಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಇವು ಹೊತ್ತುಹೊತ್ತಿಗೆ ಹಂಚಿಕೊಂಡು ಬರಬೇಕು. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಮಾಡಲಿ. ಏಕಾದಶಿಯ ನಿರಾಹಾರವನ್ನು ಈ ಎರಡು ತಿಂಗಳು ಬಿಟ್ಟರೆ ದೇವರು ಮುನಿಸಿಕೊಳ್ಳುವನೆಂದು ನನಗೆ ತೋರುವುದಿಲ್ಲ.

ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಬೇಕು. ಹುಳುಕು ಹಲ್ಲು, ಪಾದದ ಹುಣ್ಣು ಮೊದಲೇ ವಾಸಿಯಾಗಬೇಕು. ನುಂಗುತ್ತಿರುವ ಔಷಧಗಳನ್ನೆಲ್ಲ ಚೀಲದಲ್ಲಿ ತುಂಬಿ ತನ್ನಿರಿ, ಕೀಲುನೋವಿಗೆಂದು ಯಾರೋ ಕೊಟ್ಟ ಪುಡಿಯನ್ನೂ ಸೇರಿಸಿ. ಅಂಥ ಪುಡಿಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುವುದುಂಟು.

ಇನ್ನೊಂದು ವಿಷಯ. ಶಸ್ತ್ರಚಿಕಿತ್ಸೆಯ ಮರುರಾತ್ರಿ ಕೆಲವು ಹಿರಿಯರ ಬುದ್ಧಿ ತಾತ್ಕಾಲಿಕವಾಗಿ ಕದಡುತ್ತದೆ. ಇಲ್ಲದವರೊಡನೆ ಮಾತಾಡುತ್ತಾರೆ, ಕೊಳವೆಗಳನ್ನು ಕೀಳುತ್ತಾರೆ. ಮನೆಯವರು ಇದನ್ನು ಹುಚ್ಚೆಂದು ಹೆದರುವುದೂ ಗದರುವುದೂ ಉಂಟು. ಕನ್ನಡಕ, ಕಿವಿಯ ಯಂತ್ರ ಕೈಗೆಟಕುವಂತಿದ್ದು, ಪರಿಚಯದ ದನಿಯೊಂದು ಬಳಿಯಲ್ಲಿದ್ದರೆ ಇದರ ಕಾಟ ಎಷ್ಟೋ ಕಡಮೆ. ರಾತ್ರಿ ಕೂರುವವರು ಯಾರು ಎಂಬುದು ಮುಂಚೆಯೇ ತೀರ್ಮಾನವಾಗಬೇಕು. ಬಚ್ಚಲಿಗೆ ಹಿಡಿಗಂಬಿ, ಕಮೋಡು, ತಕ್ಕ ಎತ್ತರದ ಮಂಚ ಇವೂ ಅಷ್ಟೆ; ಆಂಬುಲೆನ್ಸ್ ಬಾಗಿಲಿಗೆ ಬಂದ ಮೇಲೆ ಗಾರೆಯವನನ್ನು ಕರೆಸಿದರೆ ಪ್ರಯೋಜನವಿಲ್ಲ.

ಇಂಥ ಸಿದ್ಧತೆಯಿಂದ ಎಲ್ಲರಿಗೂ ಒಂದೇ ತೆರನ ಲಾಭವೆಂದು ನಾನು ಹೇಳಲಾರೆ. ಗಟ್ಟಿಮುಟ್ಟಾದವರಿಗೆ ಇದರಿಂದ ಹೆಚ್ಚಿನ ವ್ಯತ್ಯಾಸವಾಗದೆ ಇರಬಹುದು. ಸೋತ ಮೈಯವರಿಗೇ ಇದರ ಅಗತ್ಯ. ನಿವೃತ್ತ ಉಪಾಧ್ಯಾಯರೊಬ್ಬರು ಎಂಟು ವಾರದ ಅಭ್ಯಾಸ ಮುಗಿಸಿ ಬಂದು, ‘ಈಗ ಸಂತೆಯವರೆಗೆ ಹೋಗಿಬರುತ್ತೇನೆ, ಇಷ್ಟು ಸಾಕು’ ಎಂದು ಶಸ್ತ್ರಚಿಕಿತ್ಸೆಯನ್ನೇ ಬೇಡವೆಂದರು. ಮಗಳಿಗೆ ಸಮಾಧಾನವಾಗಲಿಲ್ಲ. ಆದರೆ ಮಂಡಿ ಅವರದು. ತೀರ್ಮಾನವೂ ಅವರದೇ ಎಂದು ನಾನು ಒಪ್ಪಿಕೊಂಡೆ.

ಕೊನೆಯದಾಗಿ ಒಂದು ಎಚ್ಚರಿಕೆ. ಬಿದ್ದು ಸೊಂಟದ ಎಲುಬು ಮುರಿದುಕೊಂಡವರಿಗೆ ನಾನು ಹೇಳಿದ ವಾರಗಳ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಮೇಲು. ತಡವಾದಷ್ಟೂ ಅಪಾಯ ಹೆಚ್ಚು. ಎಣ್ಣೆ ತಿಕ್ಕುತ್ತ, ಪಟ್ಟು ಹಾಕಿಸುತ್ತ ಕಾಯಬೇಡಿ; ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.