ಗಿಡದ ಆರೋಗ್ಯ



1760ರಲ್ಲಿ ಹೈದರಾಲಿಯು ಬೆಂಗಳೂರಿನಲ್ಲಿ ಆರಂಭಿಸಿದ ಲಾಲ್‌ಬಾಗನ್ನು ಕಂಡವರಿಗೆ, ತಮ್ಮ ಅಂಗಳದಲ್ಲಿಯೂ ನಾಲ್ಕು ಹೂಗಿಡಗಳಿರಬೇಕೆಂಬ ಆಸೆ ಹುಟ್ಟುವುದು ಸಹಜ. ನಾನೂ ಕುಂಡದಲ್ಲಿ ಗುಲಾಬಿಯೊಂದನ್ನು ನೆಟ್ಟು ಹೊತ್ತುಹೊತ್ತಿಗೂ ನೀರೆರೆದೆನು. ಎಲೆಗಳು ಹಳದಿಯಾಗಿ ಬಾಡಿದುವು. ಬಾಯಾರಿಕೆಯೆಂದು ಬಗೆದು ಮತ್ತಷ್ಟು ಎರೆದೆನು. ಗಿಡ ಸತ್ತಿತು. ಕಿತ್ತು ನೋಡಲು, ಬೇರುಗಳು ಕೊಳೆತಿದ್ದುವು.

ಬೇರೂ ಉಸಿರಾಡುತ್ತದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಗಾಳಿಗೆ ಎಡೆಯಿಲ್ಲ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದಲೇ ನೀರಿನ ನಡುವೆಯೂ ಗಿಡ ಬಾಡುವುದು.

ಕುಂಡದ ತಳದಲ್ಲಿ ರಂಧ್ರವಿರಲಿ. ಮಣ್ಣಿಗೆ ಮರಳನ್ನೂ ಚೆನ್ನಾಗಿ ಕಳಿತ ಗೊಬ್ಬರವನ್ನೂ ಬೆರಸಿರಿ. ಒಂದಂಗುಲ ಆಳಕ್ಕೆ ಬೆರಳಿಳಿಸಿ, ಮಣ್ಣು ಒಣಗಿದ್ದರೆ ಮಾತ್ರ ನೀರೆರೆಯಿರಿ. ನನ್ನ ಗುಲಾಬಿಗೆ ಬಂದ ಗತಿ ನಿಮ್ಮ ಗಿಡಗಳಿಗೆ ಬಾರದಿರಲಿ.