ಜಪಾನಿನ ಇಂಗ್ಲಿಷ್ ಪತ್ರಿಕೆಗಳು

ಸ್ವಭಾಷೆಯಲ್ಲಿ ಸಮೃದ್ಧವಾದ ಪತ್ರಿಕೆಗಳನ್ನುಳ್ಳ ಜನಾಂಗವೊಂದು ಪರಭಾಷೆಯಲ್ಲಿಯೂ ಪತ್ರಿಕೆಯನ್ನು ಹೊರಡಿಸಬೇಕಾದ ಅಗತ್ಯವೇನು? ಜಪಾನಿನ ಇತಿಹಾಸವು ಈ ಪ್ರಶ್ನೆಗೆ ಕೊಡುವ ಉತ್ತರವನ್ನು ನಾವು ಈ ಹೊತ್ತು ಪರಿಶೀಲಿಸೋಣ.

ಆ ದೇಶದಲ್ಲಿ ಇಂಗ್ಲಿಷ್ ಪತ್ರಿಕೆಗಳನ್ನು ಮೊದಲು ನಡೆಸಿದವರು ಜಪಾನೀಯರಲ್ಲ, ವ್ಯಾಪಾರಾರ್ಥವಾಗಿ ಬಂದು ನೆಲಸಿದ ವಿದೇಶೀಯರು. 1861ರಲ್ಲಿ ನಾಗಸಾಕಿಯಲ್ಲಿ ಒಂದು, ಅದೇ ವರ್ಷ ಯೊಕೊಹಾಮದಲ್ಲಿ ‘ಜಪಾನ್ ಹೆರಾಲ್ಡ್’ ಎಂಬ ಇನ್ನೊಂದು ಪ್ರಾರಂಭವಾದುವು. ಜಪಾನೀ ಭಾಷೆಯ ‘ಯೊಮಿಯುರಿ’ 1874ರಲ್ಲಿಯೂ ‘ಅಸಾಹಿ’ 1879ರಲ್ಲಿಯೂ ಹುಟ್ಟಿದುವು. ಆದರೆ ಅವುಗಳ ಮಾತು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಇದರ ಕಷ್ಟವು 1886ರಲ್ಲಿ ಎಲ್ಲರಿಗೂ ಮನದಟ್ಟಾಯಿತು. ಆ ವರ್ಷ ‘ನಾರ್ಮಂಟನ್’ ಎಂಬ ಬ್ರಿಟಿಷ್ ಹಡಗು ಜಪಾನಿನ ಕರಾವಳಿಯಲ್ಲಿ ಮುಳುಗಿತು. ಕಪ್ತಾನನೂ ಯೂರೋಪಿಯನ್ ನಾವಿಕರೂ ದೋಣಿಗಳಲ್ಲಿ ಪಾರಾದರು. ಇಪ್ಪತ್ತೈದು ಮಂದಿ ಜಪಾನೀ ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಆಗಿನ ಒಪ್ಪಂದಗಳಂತೆ ವಿದೇಶೀಯರನ್ನು ವಿಚಾರಿಸುವ ಅಧಿಕಾರವು ಅವರವರ ಕಾನ್ಸಲರದು. ಕೋಬೆಯ ವಿಚಾರಣೆಯಲ್ಲಿ ಕಪ್ತಾನನು ನಿರ್ದೋಷಿಯೆನಿಸಿಕೊಂಡನು. ದೇಶವೆಲ್ಲ ಕೆರಳಿದ ಮೇಲೆ ಯೊಕೊಹಾಮದಲ್ಲಿ ಅವನಿಗೆ ಮೂರು ತಿಂಗಳ ಸೆರೆಮನೆವಾಸವಾಯಿತು. ತಮ್ಮ ಮನೆಯಲ್ಲಿಯೇ ತಮಗೆ ನ್ಯಾಯವಿಲ್ಲದಿದ್ದವರ ಅಳಲನ್ನು ಲಂಡನ್ನಿಗೂ ನ್ಯೂಯಾರ್ಕಿಗೂ ತಿಳಿಸಬೇಕಾದವರು ಯಾರು? ಬ್ರಿಂಕ್ಲಿಯವರ ‘ಜಪಾನ್ ಮೇಲ್’ ಜಪಾನೀಯರ ವಿಷಯದಲ್ಲಿ ಸಹಾನುಭೂತಿಯುಳ್ಳದ್ದೇ ಸರಿ. ಆದರೂ ಅದು ಪರರ ಬಾಯಿ.

ಈ ಕೊರತೆಯನ್ನು ನೀಗಲು 1897ರ ಮಾರ್ಚಿಯಲ್ಲಿ ‘ಜಪಾನ್ ಟೈಮ್ಸ್’ ಹೊರಟಿತು. ಜಪಾನೀಯರೇ ಅದರ ಒಡೆಯರು, ಜಪಾನೀಯರೇ ಸಂಪಾದಕರು. ಅದರ ಸ್ಥಾಪಕರಲ್ಲಿ ಪ್ರಮುಖರಾದ ಜುಮೊಟೊ ಮೊಟೊಸದ ಅವರು ಪ್ರಧಾನಮಂತ್ರಿ ಇಟೊ ಹಿರೊಬುಮಿಯವರ ಕಾರ್ಯದರ್ಶಿಯಾಗಿದ್ದವರು. ಜಪಾನ್ ತನ್ನ ವಿಷಯವನ್ನು ತಾನೇ ಜಗತ್ತಿಗೆ ಹೇಳತೊಡಗಿತು. ವಿಚಾರಣಾಧಿಕಾರವೂ 1894ರ ಒಪ್ಪಂದದ ಫಲವಾಗಿ 1899ರಲ್ಲಿ ಅದರ ಕೈಸೇರಿತು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಮೆರಿಕನ್ನರ ‘ಜಪಾನ್ ಅಡ್ವರ್ಟೈಸರ್’ ಪತ್ರಿಕೆ 1940ರಲ್ಲಿ ‘ಜಪಾನ್ ಟೈಮ್ಸ್’ನಲ್ಲಿ ಲೀನವಾಯಿತು, ಭಿನ್ನಾಭಿಪ್ರಾಯದ ಒಂದು ದನಿ ಅಡಗಿತು. 1943ರಲ್ಲಿ ‘ಜಪಾನ್ ಟೈಮ್ಸ್’ ತನ್ನ ಹೆಸರನ್ನೇ ‘ನಿಪ್ಪಾನ್ ಟೈಮ್ಸ್’ ಎಂದು ಬದಲಾಯಿಸಿಕೊಂಡು ಯುದ್ಧಕಾಲದ ಸರ್ಕಾರದ ಮಾತನ್ನೇ ಇಂಗ್ಲಿಷಿನಲ್ಲಿ ನುಡಿಯಿತು. 1945ರಲ್ಲಿ ಜಪಾನ್ ಸೋತ ಮೇಲೆ ಪತ್ರಿಕೆಗಳನ್ನು ತಪಾಸಣೆಗೆ ಗುರಿಮಾಡಿದವರು ಇಂಗ್ಲಿಷ್ ಮಾತಿನವರೇ ಆದ ಅಮೆರಿಕನ್ ಅಧಿಕಾರಿಗಳು! ಹಳೆಯ ಹೆಸರು ಮರಳಿದ್ದು 1956ರಲ್ಲಿ. ಆ ಹೆಸರಿನಿಂದಲೇ ಪತ್ರಿಕೆ ಇಂದಿಗೂ ನಡೆಯುತ್ತಿದೆ.

ಪರಭಾಷೆಯು ಒಂದು ಕಿಟಕಿಯೆಂದು ಹೇಳುವುದುಂಟು. ಕಿಟಕಿ ದೊಡ್ಡದಾದ ಮಾತ್ರಕ್ಕೆ ಅದನ್ನು ತೆರೆಯುವ ಅಧಿಕಾರ ಮನೆಯವರಿಗೆ ಬಂದಂತಾಗಲಿಲ್ಲ. ಜಗತ್ತಿಗೆ ಕೇಳಿಸುವಂತೆ ಮಾತನಾಡುವುದು ಒಂದು ಶಕ್ತಿ. ತನ್ನವರ ತಪ್ಪನ್ನೂ ಅಂಜದೆ ಹೇಳುವುದು ಇನ್ನೊಂದು. ಮೊದಲನೆಯದನ್ನು ಭಾಷೆ ಕೊಟ್ಟೀತು, ಎರಡನೆಯದನ್ನು ಕೊಡಲಾರದು. ಪ್ರತಿದಿನವೂ ಇಂಗ್ಲಿಷ್ ಪತ್ರಿಕೆಯನ್ನು ಬಿಡಿಸಿಕೊಂಡು ಕೂರುವ ನಾವು ಅದರ ಭಾಷೆಯ ಸೊಗಸಿಗೆ ಮೆಚ್ಚುವ ಮೊದಲು, ಮಾತನಾಡುತ್ತಿರುವವರು ಯಾರು, ಯಾರ ಅಪ್ಪಣೆಯಿಂದ ಎಂಬುದನ್ನು ಕೇಳಿಕೊಳ್ಳುವುದು ಒಳ್ಳೆಯದು.