ಬೀಳ್ಕೊಡುಗೆಯಿಲ್ಲದ ತರಗತಿ

(ಗುರುವಂದನ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)

 

ಪ್ರೌಢಶಾಲೆಯನ್ನು ಮುಗಿಸಿ ಹೋಗುವ ವಿದ್ಯಾರ್ಥಿಗಳಿಗೆ ಬೀಳ್ಕೊಡುಗೆಯ ಸಮಾರಂಭವನ್ನು ಏರ್ಪಡಿಸುವುದು ಕನ್ನಡ ನಾಡಿನ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಷ್ಟೆ. ಬಾಗಿಲಿಗೆ ಮಾವಿನ ತೋರಣ, ಸರಸ್ವತಿಯ ಪಟಕ್ಕೆ ಹೂಮಾಲೆ, ಮುಖ್ಯೋಪಾಧ್ಯಾಯರ ಹಿತವಚನ, ಕಣ್ಣೀರು ತಡೆಯಲಾರದೆ ಅರ್ಧಕ್ಕೇ ನಿಂತುಹೋಗುವ ಒಬ್ಬಿಬ್ಬರ ಭಾಷಣ, ಕೊನೆಗೆ ಉಪ್ಪಿಟ್ಟು ಕೇಸರಿಭಾತು, ಅನಂತರ ಅಂಗಳದಲ್ಲಿ ಬೆಂಚುಗಳನ್ನು ಮೂರು ಸಾಲಾಗಿ ಜೋಡಿಸಿ ತೆಗೆಯಿಸುವ ಭಾವಚಿತ್ರ, ಇಷ್ಟೂ ಆಗದ ಹೊರತು ಹತ್ತನೆಯ ತರಗತಿ ಮುಗಿಯಿತೆಂದು ಯಾರಿಗೂ ಅನ್ನಿಸದು. 2021ನೆಯ ಇಸವಿಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತ ಮಕ್ಕಳಿಗೆ ಇವುಗಳಲ್ಲಿ ಒಂದೂ ದೊರೆಯಲಿಲ್ಲ. ಪರೀಕ್ಷೆಯ ಕೋಣೆಯಿಂದ ಹೊರಬಿದ್ದವರು ಒಬ್ಬರನ್ನೊಬ್ಬರು ಮುಟ್ಟದೆ, ಮುಖವನ್ನು ಪೂರ್ತಿ ನೋಡದೆ, ತಮ್ಮ ತಮ್ಮ ಊರುಗಳ ದಾರಿ ಹಿಡಿದರು. ಅಂದು ಹದಿನಾರರ ಮಕ್ಕಳಾಗಿದ್ದವರು ಇಂದು ಇಪ್ಪತ್ತು ದಾಟಿದ ತರುಣ ತರುಣಿಯರಾಗಿ, ತಾವಾಗಿಯೇ ಕೂಡಿ, ತಮಗೆ ವಿದ್ಯೆಯನ್ನಿತ್ತ ಗುರುಗಳನ್ನು ವಂದಿಸಲು ಬಂದಿರುವರು. ಆದುದರಿಂದ ಈ ಸಮಾರಂಭವನ್ನು ಗುರುವಂದನೆಯೆಂದು ಕರೆದಿದ್ದರೂ, ಬಾಕಿ ಉಳಿದ ಬೀಳ್ಕೊಡುಗೆಯೆಂದು ಎಣಿಸಿದರೂ ತಪ್ಪಾಗಲಾರದು.

ಈ ತರಗತಿಯವರು ಎಂಟನೆಯ ತರಗತಿಗೆ ಸೇರಿದುದು 2018ರ ಬೇಸಗೆಯ ಕೊನೆಯಲ್ಲಿ. ಆಗ ಅವರ ಮುಂದೆ ಮೂರು ತುಂಬು ವರ್ಷಗಳಿದ್ದುವು. ಹೊಸ ಸಮವಸ್ತ್ರ, ಹಳ್ಳಿಗಳಿಂದ ಬರುವವರಿಗೆ ಸರ್ಕಾರವು ಆಗ ಕೊಡುತ್ತಿದ್ದ ಸೈಕಲ್ಲು, ಮಧ್ಯಾಹ್ನ ಅಕ್ಷರ ದಾಸೋಹದ ಊಟ, ಪ್ರಸಾದ ನಿಲಯದಲ್ಲಿರುವವರಿಗೆ ಮಂಚದ ಕೆಳಗೆ ಒಂದೊಂದು ತಗಡಿನ ಟ್ರಂಕು. ಆ ವರ್ಷದಲ್ಲಿ ಅವರ ನೆನಪಿನಲ್ಲಿ ಅಚ್ಚೊತ್ತಿದಂತೆ ಉಳಿದಿರುವುದು 2019ರ ಜನವರಿ 21ನೆಯ ದಿನ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 111 ವರ್ಷಗಳ ತುಂಬು ಬಾಳನ್ನು ಮುಗಿಸಿ ಲಿಂಗೈಕ್ಯರಾದುದು ಅಂದು. ಮಠದ ಮಕ್ಕಳ ಮಧ್ಯಾಹ್ನದ ಊಟವಾಗುವ ತನಕ ಆ ಸುದ್ದಿಯನ್ನು ಹೊರಗೆಡಹಲಿಲ್ಲವೆಂಬುದು ಆಗ ಪತ್ರಿಕೆಗಳಲ್ಲೆಲ್ಲ ಬಂದ ವಿಷಯ. ಹದಿಮೂರು ವರ್ಷದ ಹುಡುಗರಿಗೆ ತತ್ತ್ವಗಳು ತಿಳಿಯುವುದು ಕಷ್ಟ. ಆದರೆ ಎಲೆಯ ಮುಂದೆ ಕುಳಿತ ಮಗುವಿನ ತುತ್ತು ಅರ್ಧಕ್ಕೆ ನಿಲ್ಲಬಾರದೆಂಬ ಮಾತು ಅವರಿಗೆ ತಕ್ಷಣ ತಿಳಿಯಿತು.

ಒಂಬತ್ತನೆಯ ತರಗತಿಗೆ ಬಂದ ಎರಡು ತಿಂಗಳಲ್ಲಿಯೇ ಪ್ರವಾಹ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ದಂಡೆ ಮೀರಿ ಹರಿದು ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಊರು ಊರುಗಳನ್ನೇ ಮುಳುಗಿಸಿದುವು. ಆ ಕಡೆಯ ಎಷ್ಟೋ ಶಾಲೆಗಳು ನಿರಾಶ್ರಿತರ ಬೀಡುಗಳಾದುವು. ಮಕ್ಕಳ ಪುಸ್ತಕಗಳು ಕೆಸರಿನಲ್ಲಿ ಹೂತುಹೋದುವು. ನೀರು ಇಳಿದ ಮೇಲೆ ಪಾಠಗಳು ಮತ್ತೆ ಸಾಗಿದುವಾದರೂ, ಮಾರ್ಚಿನಲ್ಲಿ ಅದಕ್ಕಿಂತ ದೊಡ್ಡ ವಿಪತ್ತು ಬಂದಿತು. 2020ರ ಮಾರ್ಚಿನಲ್ಲಿ ಕೋವಿಡ್ ವ್ಯಾಧಿಯ ದೆಸೆಯಿಂದ ಶಾಲೆಗಳ ಬಾಗಿಲು ಮುಚ್ಚಿದುವು. ಅದೇ ತಿಂಗಳ 25ರಿಂದ ದೇಶಕ್ಕೆ ದೇಶವೇ ಸ್ತಬ್ಧವಾಯಿತು. ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆ ನಡೆಯಲಿಲ್ಲ. ಅಲ್ಲಿಯ ತನಕದ ಅಂಕಗಳನ್ನೇ ನೋಡಿ ಮಕ್ಕಳನ್ನು ಮುಂದಿನ ತರಗತಿಗೆ ಏರಿಸಲಾಯಿತು.

ಹಿರಿಯರಿಗೆ ಇದು ಪೂರ್ತಿ ಹೊಸತೇನಲ್ಲ. 1898ರ ಸುಮಾರಿಗೆ ಹುಬ್ಬಳ್ಳಿ ಬೆಂಗಳೂರುಗಳಿಗೆ ಪ್ಲೇಗು ಬಂದಾಗ ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡು ಇದ್ದುದನ್ನು ಅಜ್ಜಂದಿರ ಬಾಯಿಂದ ಕೇಳಿದವರು ಈಗಲೂ ಕೆಲವರು ಇದ್ದಾರು. ಆದರೆ ಆ ಕಾಲದಲ್ಲಿ ಹಳ್ಳಿಯ ನೂರು ಮಕ್ಕಳಲ್ಲಿ ಪ್ರೌಢಶಾಲೆಯ ಹೊಸಲು ತುಳಿಯುತ್ತಿದ್ದವರು ಎಷ್ಟು ಮಂದಿ? ಮುಚ್ಚಿದ ಬಾಗಿಲಿನಿಂದ ನಷ್ಟಪಡುವವರು ಕೂಡ ಅಷ್ಟೇ ಮಂದಿ. 2020ರಲ್ಲಾದರೋ ಕೂಲಿಯವನ ಮಗಳೂ ಹತ್ತನೆಯ ತರಗತಿಯಲ್ಲಿದ್ದಳು. ಆದುದರಿಂದಲೇ ಈ ನಷ್ಟವನ್ನು ಹಿಂದಿನದರೊಡನೆ ಹೋಲಿಸಿ ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲ.

ಪ್ರಸಾದ ನಿಲಯದ ಮಕ್ಕಳು ಒಂದೆರಡು ವಾರಗಳಲ್ಲಿ ತಿರುಗಿ ಬರುವೆವೆಂದು ಟ್ರಂಕುಗಳಿಗೆ ಬೀಗ ಹಾಕಿ, ಕೈಚೀಲವೊಂದನ್ನೇ ಹಿಡಿದು ಊರಿಗೆ ಹೋದರು. ಅಲ್ಲಿಂದ ಮುಂದೆ ಒಬ್ಬೊಬ್ಬರದು ಒಂದೊಂದು ಪಾಠಶಾಲೆಯಾಯಿತು. 2020ರ ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಆರಂಭವಾದುವು. ದೂರದರ್ಶನವಿಲ್ಲದವರು, ವಿದ್ಯುಚ್ಛಕ್ತಿ ಹೋದವರು, ಪಾಠದ ಹೊತ್ತಿಗೆ ಕಳೆ ಕೀಳಲು ಹೋಗಬೇಕಾದವರು ಅದರಿಂದ ಹೊರಗುಳಿದರು. ಮಲೆನಾಡಿನಲ್ಲಿ ಮೊಬೈಲಿಗೆ ನೆಟ್‌ವರ್ಕು ಸಿಕ್ಕಲೆಂದು ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿದರು. ಮನೆಗೊಂದೇ ಮೊಬೈಲು, ಅದನ್ನು ತಂದೆಯು ಕೆಲಸಕ್ಕೆ ಒಯ್ದರೆ ಸಂಜೆಯ ತನಕ ಪಾಠವಿಲ್ಲ. ಅಣ್ಣತಂಗಿಯರು ಇಬ್ಬರೂ ಓದುವವರಾದರೆ, ಯಾರ ಕೈಗೆ ಅದು ಹೋಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆಗಸ್ಟಿನಲ್ಲಿ ವಿದ್ಯಾಗಮವೆಂಬ ಯೋಜನೆ ಬಂದಿತು. ಮಕ್ಕಳು ಶಾಲೆಗೆ ಬರಲಾರದಿದ್ದರೆ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗುವುದು! ಅರಳಿಕಟ್ಟೆ, ಗುಡಿಯ ಜಗಲಿ, ಯಾರದೋ ಮನೆಯ ಪಡಸಾಲೆಗಳೇ ತರಗತಿಗಳಾದುವು. ಕರಿಹಲಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗಿದ ಗಣಿತದ ಉಪಾಧ್ಯಾಯರನ್ನು ಈ ತರಗತಿಯವರು ಮರೆತಿಲ್ಲ. ಗುರುವು ಶಿಷ್ಯನ ಬಾಗಿಲಿಗೆ ನಡೆದು ಬರುವುದು ಎಂತಹುದೆಂಬುದನ್ನು ಪುಸ್ತಕದಲ್ಲಿ ಓದಿದವರು ಅನೇಕರು. ಕಣ್ಣಾರೆ ಕಂಡವರು ಇವರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.

2021ರ ಜನವರಿ ಒಂದರಂದು ಹತ್ತನೆಯ ತರಗತಿಯವರಿಗೆ ಶಾಲೆಯ ಬಾಗಿಲು ತೆರೆಯಿತು. ಒಂಬತ್ತು ತಿಂಗಳ ಮೇಲೆ ಹುಡುಗರು ತಮ್ಮ ಟ್ರಂಕುಗಳ ಬೀಗ ತೆಗೆದಾಗ ಒಳಗಿದ್ದ ಸಮವಸ್ತ್ರಗಳೊಂದೂ ಮೈಗೆ ಹಿಡಿಸಲಿಲ್ಲ. ಷರಾಯಿ ಪಾದದಿಂದ ಗೇಣು ಮೇಲೆ ನಿಂತಿತು. ಅದನ್ನು ನೋಡಿ ಮೊದಲು ಎಲ್ಲರೂ ನಕ್ಕರಂತೆ, ಆಮೇಲೆ ಸುಮ್ಮನಾದರಂತೆ. ದಿನಗಳನ್ನು ಯಾರೋ ಕದ್ದೊಯ್ದಿದ್ದರು; ಮೈ ಮಾತ್ರ ಬೆಳೆದಿತ್ತು. ಆ ನಾಲ್ಕು ತಿಂಗಳೊಳಗಿನ ಓದೇ ಅವರ ಹತ್ತನೆಯ ತರಗತಿ. ಏಪ್ರಿಲಿನಲ್ಲಿ ವ್ಯಾಧಿಯ ಎರಡನೆಯ ಅಲೆ ಎದ್ದಿತು. ಆ ಸಲ ಹಲವು ಮನೆಗಳ ಹಿರಿಯರನ್ನೇ ಕೊಂಡೊಯ್ದಿತು.

ಜೂನಿನಲ್ಲಿ ಆಗಬೇಕಾಗಿದ್ದ ಪರೀಕ್ಷೆಯು ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ ನಡೆಯಿತು. ಮೊದಲ ದಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಎರಡನೆಯ ದಿನ ಮೂರು ಭಾಷೆಗಳು. ವಿಷಯವೊಂದಕ್ಕೆ 40 ಅಂಕಗಳಂತೆ ಉತ್ತರವನ್ನು ಗುರುತಿಸುವ ಪ್ರಶ್ನೆಗಳು. ಕೋಣೆಗೆ ಹನ್ನೆರಡೇ ಮಂದಿ. ಆಗಸ್ಟ್ 9ರಂದು ಫಲಿತಾಂಶ ಹೊರಬಿದ್ದಾಗ, ಬರೆದ 8 ಲಕ್ಷ 70 ಸಾವಿರಕ್ಕೂ ಮಿಕ್ಕ ಮಕ್ಕಳಲ್ಲಿ, ತನ್ನ ಬದಲು ಇನ್ನೊಬ್ಬರಿಂದ ಬರೆಯಿಸಿದ ಒಬ್ಬರನ್ನುಳಿದು ಎಲ್ಲರೂ ತೇರ್ಗಡೆಯಾಗಿದ್ದರು. ಹಿಂದಿನ ವರ್ಷ ನೂರಕ್ಕೆ 71.80 ಮಂದಿ ಮಾತ್ರ ತೇರ್ಗಡೆಯಾಗಿದ್ದುದನ್ನು ಬಲ್ಲ ಜನರು ನಕ್ಕರು. ಓದದೆ ಪಾಸಾದವರು, ಕೋವಿಡ್ ಬ್ಯಾಚಿನವರು ಎಂಬ ಮಾತು ಅಂದಿನಿಂದ ಈ ಮಕ್ಕಳ ಬೆನ್ನಿಗಂಟಿತು. ಕೆಲಸ ಕೇಳಲು ಹೋದಲ್ಲಿ ಅಂಕಪಟ್ಟಿಯ ಇಸವಿಯನ್ನು ನೋಡಿ ಮುಗುಳ್ನಕ್ಕವರುಂಟು.

ಈ ಹಾಸ್ಯವು ನ್ಯಾಯವಾದುದಲ್ಲ. ಇದೇ ತರಗತಿಯವರಲ್ಲಿ ಮುಂದೆ ಓದಿದವರು 2023ರ ಮಾರ್ಚಿನಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯನ್ನು ಬರೆದರು. ಆ ಸಲದ ಒಟ್ಟು ಫಲಿತಾಂಶ ನೂರಕ್ಕೆ 74.67, ಅದರ ಹಿಂದಿನ ವರ್ಷ 61.88 ಇದ್ದಿತು. ಅಡಿಪಾಯವಿಲ್ಲದವರೆಂದು ಹಳಿಸಿಕೊಂಡವರು ಗೋಡೆಯನ್ನು ನಿಲ್ಲಿಸಿದರು. ಆದರೆ ಈ ಅಂಕಿಗಳನ್ನೇ ಹಿಡಿದು ಹಿಗ್ಗುವುದೂ ಉಚಿತವಲ್ಲ. ನೂರಕ್ಕೆ ಇಷ್ಟೆಂದು ಲೆಕ್ಕ ಹಾಕುವುದು ಪರೀಕ್ಷೆಗೆ ಬಂದವರನ್ನು. ಬಾರದೆ ಹೋದವರಿಗೆ ಆ ಲೆಕ್ಕದಲ್ಲಿ ಸ್ಥಳವಿಲ್ಲ. ಮುಚ್ಚಿದ ಶಾಲೆಯ ತಿಂಗಳುಗಳಲ್ಲಿ ಗಾರೆಕೆಲಸಕ್ಕೆ, ಬೋರುವೆಲ್ಲಿನ ಲಾರಿಗಳಿಗೆ ಸೇರಿಕೊಂಡು ಅಲ್ಲೇ ಉಳಿದ ಹುಡುಗರುಂಟು. ಮನೆಯಲ್ಲಿ ಸುಮ್ಮನೆ ಇರುವಳಲ್ಲವೆ ಎಂದು ಹದಿನೆಂಟು ತುಂಬುವ ಮೊದಲೇ ಧಾರೆಯೆರೆದು ಕಳುಹಿಸಿದ ಹುಡುಗಿಯರುಂಟು. ತಾಯಿತಂದೆಯರು ಬೇಕೆಂದೇ ಕೆಡುಕು ಮಾಡಿದರೆಂದು ಹೇಳುವುದು ಸುಲಭ. ಕೂಲಿಯಿಲ್ಲದ ಆ ದಿನಗಳಲ್ಲಿ ಮದುವೆಗೆ ಜನ ಕಡಮೆ, ಖರ್ಚು ಕಡಮೆ ಎಂಬ ಲೆಕ್ಕವೂ ಅವರ ಮನಸ್ಸಿನಲ್ಲಿದ್ದಿತು. ಶಾಲೆಯೊಂದು ತೆರೆದಿದ್ದರೆ ಸಾಕಾಗಿತ್ತು, ಆ ಹುಡುಗಿಗೆ ಇನ್ನೆರಡು ವರ್ಷ ಸಿಕ್ಕುತ್ತಿದ್ದುವು.

ಇಂದು ಬೆಳಿಗ್ಗೆ, ಸಭೆ ಸೇರುವುದಕ್ಕೆ ಮುಂಚೆ, ತರಗತಿಯ ಉಪಾಧ್ಯಾಯರು ಹತ್ತನೆಯ ತರಗತಿಯ ಹಳೆಯ ಹಾಜರಿ ಪುಸ್ತಕವನ್ನು ತೆಗೆಯಿಸಿ, ಕನ್ನಡಕವನ್ನು ಸರಿಪಡಿಸಿಕೊಂಡು, ಹೆಸರುಗಳನ್ನು ಒಂದೊಂದಾಗಿ ಕರೆದರು. ಗಡ್ಡಮೀಸೆ ಬಂದ ತರುಣರು ಬೆಂಚಿನಿಂದೆದ್ದು ಹಾಜರ್ ಸಾರ್ ಎಂದರು. ಕೆಲವು ಹೆಸರುಗಳಿಗೆ ಉತ್ತರ ಬರಲಿಲ್ಲ. ಒಂದು ಹೆಸರಿಗೆ ಬಾಗಿಲ ಬಳಿಯಿಂದ ಮೆಲ್ಲನೆ ಉತ್ತರ ಬಂದಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು, ಒಳಗೆ ಬರಲೋ ಬೇಡವೋ ಎಂದು ಅವಳು ಹೊಸಲಿನಲ್ಲಿಯೇ ನಿಂತಿದ್ದಳು. ಉಪಾಧ್ಯಾಯರು ಪುಸ್ತಕದಿಂದ ತಲೆಯೆತ್ತಿ ನೋಡಿ, ಎರಡನೆಯ ಬೆಂಚಿನಲ್ಲಿ ಅಲ್ಲವೇನಮ್ಮ ನಿನ್ನ ಜಾಗ, ಬಾ, ಎಂದರು. ಅಷ್ಟೇ ಅವರು ಆಡಿದ ಮಾತು. ಆ ಬೆಂಚಿನಲ್ಲಿದ್ದವರು ಸರಿದು ಜಾಗ ಬಿಟ್ಟರು. ದೂರ ಶಿಕ್ಷಣದ ಮೂಲಕ ಓದನ್ನು ಮುಂದುವರಿಸುವ ಬಗೆಯನ್ನು ಅವಳು ಅಲ್ಲಿಯೇ ಗೆಳತಿಯರಲ್ಲಿ ವಿಚಾರಿಸುತ್ತಿದ್ದಳೆಂದು ತಿಳಿದುಬಂದಿದೆ.

ಅಸ್ತು. ಪೂಜ್ಯರ ಆಶೀರ್ವಚನ ಇನ್ನೂ ಆಗಬೇಕಾಗಿರುವುದರಿಂದ ಈ ಮಾತುಗಳನ್ನು ಬೆಳೆಸುವುದು ಯುಕ್ತವಲ್ಲ. ಪ್ರಸಾದಾನಂತರ ಎಲ್ಲರೂ ಅಂಗಳಕ್ಕೆ ಬರಬೇಕು. ಅಲ್ಲಿ ಬೆಂಚುಗಳನ್ನು ಮೂರು ಸಾಲಾಗಿ ಜೋಡಿಸಲಾಗಿದೆ. ಬಿಸಿಲು ಇಳಿಯುವುದರೊಳಗೆ ಭಾವಚಿತ್ರವನ್ನು ತೆಗೆಯಬೇಕಾಗಿದೆ. ಕೂಸನ್ನೆತ್ತಿಕೊಂಡು ಬಂದಿರುವ ತಂಗಿಯು ಮೊದಲ ಸಾಲಿನಲ್ಲಿ ಗುರುಗಳ ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂದು ಉಪಾಧ್ಯಾಯರ ಅಪ್ಪಣೆಯಾಗಿದೆ.